ಹೊಂಗೆಯ ನೆರಳು ಮತ್ತು ಎಡಗಡೆಯ ಚಕ್ರ

ಓದುಗರಲ್ಲಿ ಮೊದಲೇ ಒಂದು ಬಿನ್ನಹ. ನನ್ನ ಕೈಬರಹ ಚೆನ್ನಾಗಿಲ್ಲ. ಮಾತುಗಳೂ ನನ್ನಲ್ಲಿ ಹೆಚ್ಚಿಲ್ಲ. ಶಾಲೆಯಲ್ಲಿ ಕೂತದ್ದು ಸ್ವಲ್ಪವೇ ಕಾಲ; ಆಮೇಲೆ ಬರೆದದ್ದೆಂದರೆ ರುಜು ಮಾತ್ರ. ಒಂದು ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಬರೆಯುತ್ತಿರುವುದು ಇದೇ ಮೊದಲು. ಆದ್ದರಿಂದ ಅಲಂಕಾರಕ್ಕೆ ಹೋಗದೆ, ಒಂದರ ಹಿಂದೆ ಒಂದನ್ನು ಇಟ್ಟು ಹೇಳುತ್ತೇನೆ.

"ಗುರುಗಳೇ, ಪರರ ಅಸೂಯೆಯ ಕಣ್ಣಿನಿಂದ ಪಾರಾಗುವುದು ಹೇಗೆ?" ಎಂದು ಶಿಷ್ಯನು ಕೇಳಿದನು.

ಶಿಷ್ಯನ ಹೆಸರು ಚನ್ನಮಲ್ಲ. ಮಠದಲ್ಲಿ ಬೆಳಗಿನ ಪ್ರಾರ್ಥನೆಯನ್ನು ಹೇಳಿಸುವ ಕೆಲಸ ಅವನದು. ಕೆಲವು ಕಾಲದಿಂದ ಅವನ ದನಿ ಒಡೆಯುತ್ತಿತ್ತು. ಅವನ ಜೊತೆಯಲ್ಲಿ ರೇವಯ್ಯನೆಂಬ ಇನ್ನೊಬ್ಬ ಶಿಷ್ಯನಿದ್ದನು. ರೇವಯ್ಯನದು ಇಂಪಾದ ಕಂಠ. ಆ ಕಂಠ ಯಾರಿಗೂ ಕೇಳಿಸಬಾರದೆಂದು ಚನ್ನಮಲ್ಲನು ಗಂಟಲು ಹರಿಯುವಂತೆ ಪ್ರಾರ್ಥನೆ ಹೇಳುತ್ತಿದ್ದುದು ಮಠದಲ್ಲಿ ಎಲ್ಲರಿಗೂ ಗೊತ್ತಿತ್ತು.

"ಯಾರ ಕಣ್ಣು?" ಎಂದರು ಗುರುಗಳು.

"ರೇವಯ್ಯನದು. ನನ್ನ ಕೆಲಸದ ಮೇಲೆ ಅವನಿಗೆ ಆಸೆ. ಅವನ ಕಣ್ಣು ತಾಗಿಯೇ ನನ್ನ ದನಿ ಕೆಟ್ಟಿದೆ."

ರೇವಯ್ಯನು ಚನ್ನಮಲ್ಲನ ಎಡಕ್ಕೆ, ಅದೇ ಜಗಲಿಯ ತುದಿಯಲ್ಲಿ ಕೂತು ದೀಪದ ಬತ್ತಿ ಹೊಸೆಯುತ್ತಿದ್ದನು. ಅವನು ತಲೆ ಎತ್ತಲಿಲ್ಲ.

"ಕೂತುಕೋ. ಹೀಗೆ, ನನ್ನ ಎದುರಿಗೆ" ಎಂದು ಗುರುಗಳು ಚನ್ನಮಲ್ಲನನ್ನು ಕೂರಿಸಿ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯೂ ಒಬ್ಬ ಮೇಷ್ಟರೂ ಇದ್ದರು. ಇಬ್ಬರೂ ಷಡ್ಡಕರು, ಒಂದೇ ಮನೆಯ ಅಕ್ಕತಂಗಿಯರನ್ನು ಮದುವೆಯಾದವರು. ಅಕ್ಕನ ಗಂಡ ವ್ಯಾಪಾರಿ. ತಂಗಿಯ ಗಂಡ ಮೇಷ್ಟರು. ಅವರ ಮನೆಗಳು ಪಕ್ಕಪಕ್ಕದಲ್ಲಿದ್ದವು. ಎರಡು ಮನೆಗಳ ನಡುವೆ, ಬೀದಿಯ ಅಂಚಿನಲ್ಲಿ ಒಂದು ಹೊಂಗೆಯ ಮರವಿತ್ತು.

ವ್ಯಾಪಾರಿಯ ಬಳಿ ಒಂದು ಹಳೆಯ ಕಾರಿತ್ತು. ಅದು ಅವನ ಮಾವನವರದು. ವಯಸ್ಸಾಗಿ ಕಣ್ಣು ಮಂಜಾದಾಗ ಮಾವನವರು ಅದನ್ನು ಹಿರಿಯ ಅಳಿಯನಿಗೆ ಕೊಟ್ಟು, ಕೆಲವು ಕಾಲದಲ್ಲಿ ತೀರಿಕೊಂಡಿದ್ದರು. ಮನೆಮಂದಿಯೆಲ್ಲ ಕೂತು ಹೋಗಬಹುದಾದ, ಹಿಂದೆ ಸಾಮಾನಿಗೆ ದೊಡ್ಡ ಡಿಕ್ಕಿಯಿದ್ದ ಕಾರು ಅದು. ಬೀದಿಯಲ್ಲಿ ಬೇರೆ ಯಾರಿಗೂ ಕಾರಿರಲಿಲ್ಲ. ಆದ್ದರಿಂದ ವ್ಯಾಪಾರಿಗೆ ಅದು ಹಳೆಯದೆಂದು ಅನಿಸಿರಲಿಲ್ಲ.

ಒಂದು ದಿನ ಮೇಷ್ಟರು ಹೊಸ ಕಾರು ತಂದರು. ಪೂಜೆಯಾಯಿತು. ನಾಲ್ಕು ಚಕ್ರಗಳ ಅಡಿಯಲ್ಲಿಯೂ ನಿಂಬೆಹಣ್ಣು ಒಡೆಯಿತು. ವ್ಯಾಪಾರಿ ಪ್ರಸಾದ ತಿಂದು ಮನೆಗೆ ಬಂದನು. ಅಂದಿನಿಂದ ತನ್ನ ಕಾರು ಅವನಿಗೆ ಹಳೆಯದಾಗಿ ಕಂಡಿತು.

"ಅವನು ನಮ್ಮ ಕಾರನ್ನು ಹೇಗೆ ನೋಡಿದ, ಗಮನಿಸಿದೆಯಾ?" ಎಂದು ಹೆಂಡತಿಯನ್ನು ಕೇಳಿದನು.

"ಅವರು ಇವತ್ತು ನಮ್ಮ ಕಾರನ್ನು ಯಾಕ್ರೀ ನೋಡ್ತಾರೆ? ಅವರದೇ ಹೊಸದು ಬಂದಿದೆ" ಎಂದಳು ಹೆಂಡತಿ.

"ಮಾವನವರ ಕಾರು ತನಗೆ ಸಿಗಲಿಲ್ಲವಲ್ಲ ಎಂಬ ಹೊಟ್ಟೆಕಿಚ್ಚು ಅವನಿಗೆ ಇದ್ದೇ ಇದೆ. ಇನ್ನು ಮರದ ನೆರಳಿಗೂ ಬರುತ್ತಾನೆ, ನೋಡುತ್ತಿರು."

ಹೊಂಗೆಯ ನೆರಳಿನಲ್ಲಿ ನೇರವಾಗಿ ನಿಲ್ಲಿಸಿದರೆ ಎರಡು ಕಾರುಗಳು ನಿಲ್ಲಬಹುದಾಗಿತ್ತು. ವ್ಯಾಪಾರಿ ಅದನ್ನು ಯೋಚಿಸಿದನು. ಮರುದಿನ ಕಾರಿನ ಎಡಗಡೆಯ ಚಕ್ರಗಳನ್ನು ಚರಂಡಿಯ ಅಂಚುಗಲ್ಲಿನ ಮೇಲೆ ಹತ್ತಿಸಿ ಓರೆಯಾಗಿ ನಿಲ್ಲಿಸಿದನು. ನೆರಳೆಲ್ಲ ತುಂಬಿತು. ಅಂದಿನಿಂದ ದಿನವೂ ಹಾಗೆಯೇ ನಿಲ್ಲಿಸಿದನು. ಎಡಗಡೆಯ ಟೈರುಗಳು ದಿನವೂ ಕಲ್ಲಿಗೆ ಗುದ್ದಿ ಮೇಲೇರಿದವು. ದಿನವೂ ಕಲ್ಲಿನಿಂದ ಧಡ್ಡನೆ ಇಳಿದವು. ಮೇಷ್ಟರ ಹೊಸ ಕಾರು ಬಿಸಿಲಿನಲ್ಲಿ ನಿಂತಿತು. ವ್ಯಾಪಾರಿ ಕಿಟಕಿಯಿಂದ ಅದನ್ನು ನೋಡುತ್ತಾ ಊಟ ಮಾಡುತ್ತಿದ್ದನು.

ಕೆಲವು ತಿಂಗಳಲ್ಲಿ ಕಾರು ರಸ್ತೆಯಲ್ಲಿ ತಾನಾಗಿಯೇ ಎಡಕ್ಕೆ ಎಳೆಯತೊಡಗಿತು. ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿಯದಿದ್ದರೆ ಪಕ್ಕಕ್ಕೆ ಹೋಗುತ್ತಿತ್ತು. ಎಡಗಡೆಯ ಮುಂದಿನ ಟೈರು ಒಂದೇ ಬದಿ ಸವೆದು ನುಣ್ಣಗಾಯಿತು. ಮೇಷ್ಟರು ಬೆಳಿಗ್ಗೆ ಶಾಲೆಗೆ ಹೊರಡುವಾಗ ಆ ಬದಿಯಿಂದಲೇ ಹಾದು ಹೋಗುತ್ತಾರೆಂಬುದು ವ್ಯಾಪಾರಿಯ ನೆನಪಿಗೆ ಬಂತು. ಅವನು ಕಾರಿನ ಮುಂದೆ ನಿಂಬೆಹಣ್ಣು ಮತ್ತು ಹಸಿಮೆಣಸಿನಕಾಯಿಗಳನ್ನು ತಂತಿಯಲ್ಲಿ ಪೋಣಿಸಿ ಕಟ್ಟಿದನು.

ಆಮೇಲೆ ಅದೇ ಚಕ್ರದಲ್ಲಿ ಗಾಳಿ ಇಳಿಯಿತು. ವ್ಯಾಪಾರಿ ಪಂಕ್ಚರ್ ಅಂಗಡಿಗೆ ಹೋದನು. ಅಂಗಡಿಯವನು ಟೈರಿನಿಂದ ಒಂದು ತಂತಿಯ ಚೂರನ್ನು ಕಿತ್ತು ತೆಗೆದನು. ತಂತಿಗೆ ಒಣಗಿದ ಮೆಣಸಿನಕಾಯಿ ಅಂಟಿಕೊಂಡಿತ್ತು.

"ಯಜಮಾನ್ರೇ, ಗಾಡಿ ಓಡಿಸ್ತೀರೋ, ಒಗ್ಗರಣೆ ಹಾಕ್ತೀರೋ?" ಎಂದು ಅಂಗಡಿಯವನು ನಕ್ಕನು.

ಕಟ್ಟಿದ್ದ ಸರ ಕಳಚಿ ಬಿದ್ದು ತನ್ನ ಚಕ್ರಕ್ಕೇ ಸಿಕ್ಕಿದೆಯೆಂದು ವ್ಯಾಪಾರಿಗೆ ತಿಳಿಯಿತು. ಆದರೂ ಅವನು ನಗಲಿಲ್ಲ. "ನೋಡು, ಕಾವಲಿಗೆ ಕಟ್ಟಿದ್ದನ್ನೂ ಅವನ ಕಣ್ಣು ಬಿಡಲಿಲ್ಲ" ಎಂದನು.

"ಯಾರ ಕಣ್ಣೋ ನಂಗೊತ್ತಿಲ್ಲ. ಇಲ್ಲಿ ಟೈರಿನ ಪಕ್ಕದಲ್ಲಿ ಗುಳ್ಳೆ ಎದ್ದಿದೆ. ಎಲ್ಲೋ ಕಲ್ಲಿಗೆ ಹೊಡೆದಿದೆ. ಇದನ್ನ ಬದಲಾಯಿಸಿ. ಹೀಗೇ ದೂರ ಹೋಗಬೇಡಿ."

ಕಲ್ಲು ಎಂದೊಡನೆ ವ್ಯಾಪಾರಿಗೆ ಚರಂಡಿಯ ಕಲ್ಲು ನೆನಪಾಗಬೇಕಾಗಿತ್ತು. ಆಗಲಿಲ್ಲ. ಮೇಷ್ಟರ ಮುಖ ನೆನಪಾಯಿತು. ಅವನು ಟೈರನ್ನು ಬದಲಾಯಿಸದೆ ಮನೆಗೆ ಬಂದು, ಕಾರಿಗೆ ಬೂದುಗುಂಬಳ ನಿವಾಳಿಸಿ ಒಡೆದನು. ಎಡಗಡೆಯ ಕನ್ನಡಿಗೆ ಕಪ್ಪು ದಾರ ಕಟ್ಟಿದನು. ಗುಳ್ಳೆ ಹಾಗೆಯೇ ಇತ್ತು.

ಅವನಿಗೆ ಇನ್ನೊಂದು ಯೋಚನೆ ಬಂತು. ತಾನು ಕಾರು ತೆಗೆದುಕೊಂಡು ಹೊರಗೆ ಹೋದಾಗ ಮೇಷ್ಟರು ನೆರಳಿಗೆ ಬಂದು ನಿಲ್ಲಿಸಿಬಿಟ್ಟರೆ? ಆಮೇಲೆ ತೆಗೆಯಿರಿ ಎಂದು ಹೇಳುವುದು ಹೇಗೆ? ಅವನು ಅಂಗಡಿಗೆ ಬಸ್ಸಿನಲ್ಲಿ ಹೋಗತೊಡಗಿದನು. ಕಾರು ಮರದ ಕೆಳಗೆ ನಿಂತೇ ಇತ್ತು.

"ಎಲ್ಲರ ಮನೆಯಲ್ಲೂ ನಾಯಿ ಮನೆ ಕಾಯುತ್ತೆ. ನಮ್ಮ ಮನೆಯಲ್ಲಿ ಕಾರು ಮರ ಕಾಯುತ್ತೆ" ಎಂದಳು ಹೆಂಡತಿ.

ಅವಳ ತಾಯಿ ಇನ್ನೊಂದು ಊರಿನಲ್ಲಿ ಮಗನ ಜೊತೆಯಲ್ಲಿದ್ದರು. ಅವರಿಗೆ ಒಂದು ಆಸೆಯಿತ್ತು. ಗಂಡನ ಕಾರಿನಲ್ಲಿ, ತಾವು ಮೊದಲು ಕೂರುತ್ತಿದ್ದ ಜಾಗದಲ್ಲಿಯೇ ಕೂತು, ಒಮ್ಮೆ ತಮ್ಮ ತವರಿಗೆ ಹೋಗಿಬರಬೇಕು. ಅದನ್ನು ಅವರು ಹಿರಿಯ ಅಳಿಯನಿಗೆ ಹೇಳಿಕಳಿಸಿದ್ದರು. ವ್ಯಾಪಾರಿ ಆಗಲೆಂದು ಮಾತು ಕೊಟ್ಟಿದ್ದನು. ಹಬ್ಬ ಕಳೆಯಲಿ ಎಂದನು. ಬಿಸಿಲು ಇಳಿಯಲಿ ಎಂದನು. ಹೆಂಡತಿ ಒತ್ತಾಯ ಮಾಡಿದಾಗ, "ಹೋಗಿಬರಲು ಎರಡು ದಿನ ಬೇಕು. ಎರಡು ದಿನ ಜಾಗ ಬಿಟ್ಟರೆ ಅದು ಅವನದೇ ಆಗುತ್ತದೆ" ಎಂದನು.



ನಿಂತಲ್ಲೇ ನಿಂತ ಕಾರಿನ ಟೈರುಗಳಲ್ಲಿ ಗಾಳಿ ಮೆಲ್ಲಮೆಲ್ಲನೆ ಇಳಿಯಿತು. ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಯಿತು. ರಬ್ಬರು ಒಣಗಿ, ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಟ್ಟಿತು. ವ್ಯಾಪಾರಿ ದಿನವೂ ಕಾರಿನ ಮೇಲಿನ ಧೂಳನ್ನೂ ಹಕ್ಕಿಗಳ ಹಿಕ್ಕೆಯನ್ನೂ ಒರೆಸುತ್ತಿದ್ದನು. ಒರೆಸುವಾಗ ಅವನ ಕಣ್ಣು ಮೇಷ್ಟರ ಬಾಗಿಲಿನ ಮೇಲಿರುತ್ತಿತ್ತು. ಟೈರುಗಳನ್ನು ಅವನು ಬಗ್ಗಿ ನೋಡಲಿಲ್ಲ.

ಒಂದು ಮುಂಜಾನೆ ಫೋನು ಬಂತು. ಹೆಂಡತಿಯ ತಾಯಿಗೆ ಕಾಯಿಲೆ ಜೋರಾಗಿತ್ತು. ಹೆಣ್ಣುಮಕ್ಕಳಿಬ್ಬರೂ ಕೂಡಲೇ ಬರಬೇಕಾಗಿತ್ತು. ಮೇಷ್ಟರು ಬಾಗಿಲಿಗೆ ಬಂದು, "ಅಣ್ಣ, ಎಲ್ಲರೂ ಒಂದೇ ಗಾಡಿಯಲ್ಲಿ ಹೋಗೋಣ ಬನ್ನಿ" ಎಂದರು.

"ನಮಗೂ ಕಾರಿದೆ" ಎಂದನು ವ್ಯಾಪಾರಿ.

ಅವನು ಹೆಂಡತಿಯನ್ನು ಕೂರಿಸಿಕೊಂಡು ಮುಂದೆ ಹೊರಟನು. ಹೊರಟದ್ದೇ ಅವಸರದಲ್ಲಾದ್ದರಿಂದ ಗಾಳಿಯನ್ನೂ ತುಂಬಿಸಲಿಲ್ಲ. ಕಾರು ಧಡಧಡನೆ ಕುಲುಕಿತು. ಎಡಕ್ಕೆ ಎಳೆಯಿತು. ಅವನು ವೇಗ ಕಡಿಮೆ ಮಾಡಲಿಲ್ಲ. ಹಿಂದೆ ಬರುತ್ತಿದ್ದ ಮೇಷ್ಟರ ಗಾಡಿ ತನ್ನನ್ನು ದಾಟಬಾರದೆಂಬುದು ಅವನ ಹಟ. ಅರ್ಧ ದಾರಿಯಲ್ಲಿ, ಬಿಸಿಲೇರಿದ ಹೊತ್ತಿಗೆ, ಗುಳ್ಳೆಯೆದ್ದಿದ್ದ ಟೈರು ಸಿಡಿಯಿತು. ಕಾರು ರಸ್ತೆಯ ಬದಿಯ ಮಣ್ಣಿಗೆ ಇಳಿದು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ವ್ಯಾಪಾರಿ ಡಿಕ್ಕಿ ತೆರೆದು ಸ್ಟೆಪ್ನಿಯನ್ನು ಹೊರಗೆ ತೆಗೆದನು. ಡಿಕ್ಕಿಯೊಳಗಿದ್ದ ಅದನ್ನು ಅಲ್ಲಿಯವರೆಗೆ ನೋಡಿದವರು ಯಾರೂ ಇರಲಿಲ್ಲ, ಅವನೂ ನೋಡಿರಲಿಲ್ಲ. ಅದರಲ್ಲಿಯೂ ಗಾಳಿಯಿರಲಿಲ್ಲ.

ಮೇಷ್ಟರ ಕಾರು ಬಂದು ನಿಂತಿತು. ಅಕ್ಕ ತಂಗಿಯ ಪಕ್ಕದಲ್ಲಿ ಹೋಗಿ ಕೂತಳು.

"ಬನ್ನಿ ಅಣ್ಣ" ಎಂದರು ಮೇಷ್ಟರು.

"ಈಗ ಸಮಾಧಾನವಾಯಿತೇ ನಿನಗೆ?" ಎಂದನು ವ್ಯಾಪಾರಿ.

ಮೇಷ್ಟರಿಗೆ ಮಾತು ಅರ್ಥವಾಗಲಿಲ್ಲ. ವ್ಯಾಪಾರಿಯ ಹೆಂಡತಿ ಗಾಡಿಯೊಳಗಿನಿಂದ, "ಅಲ್ಲಿ ಅಮ್ಮನ ಉಸಿರು ಹೋಗ್ತಾ ಇದೆ ಕಣ್ರೀ. ಹತ್ತಿದರೆ ಹತ್ತಿ" ಎಂದಳು. ಅವನು ಹತ್ತಿದನು.

ಅವರು ಹೋದಾಗ ತಾಯಿಗೆ ಎಚ್ಚರವಿತ್ತು. ಹೆಣ್ಣುಮಕ್ಕಳ ಕೈ ಹಿಡಿದುಕೊಂಡರು. ಆಮೇಲೆ ಹಿರಿಯ ಅಳಿಯನನ್ನು ಕಂಡು ಬಾಗಿಲಿನ ಕಡೆ ನೋಡಿದರು.

"ಕಾರು ತಂದಿದ್ದೀರಾ, ಅಳಿಯಂದಿರೇ?"

ಸಂಜೆಗೆ ಅವರು ತೀರಿಕೊಂಡರು.

ಕಾರ್ಯಗಳೆಲ್ಲ ಮುಗಿದ ಮೇಲೆ ನಾಲ್ವರೂ ಮೇಷ್ಟರ ಕಾರಿನಲ್ಲಿ ಊರಿಗೆ ಮರಳಿದರು. ವ್ಯಾಪಾರಿಯ ಕಾರು ಇನ್ನೂ ದಾರಿಯಲ್ಲೇ ನಿಂತಿದ್ದರಿಂದ ಹೊಂಗೆಯ ಕೆಳಗೆ ಜಾಗ ಬರಿದಾಗಿತ್ತು. ಮೇಷ್ಟರು ಅಲ್ಲಿ ನಿಲ್ಲಿಸದೆ ಮುಂದೆ ಹೋಗಿ, ಎಂದಿನಂತೆ ಬಿಸಿಲಿನಲ್ಲಿ ನಿಲ್ಲಿಸಿದರು.

"ನೆರಳಿದೆಯಲ್ಲ" ಎಂದನು ವ್ಯಾಪಾರಿ. ಅವನ ಬಾಯಿಂದ ಆ ಮಾತು ಹೊರಟದ್ದು ಅದೇ ಮೊದಲು.

"ಬೇಡ ಅಣ್ಣ. ಆ ಮರದ ತುಂಬಾ ಕಾಗೆ. ಗಾಡಿ ಮೇಲೆಲ್ಲಾ ಹಿಕ್ಕೆ ಹಾಕ್ತವೆ. ನಿಮಗೆ ಹೇಳಿದರೆ ಬೇಜಾರಾಗುತ್ತೇನೋ ಅಂತ ಸುಮ್ಮನಿದ್ದೆ" ಎಂದರು ಮೇಷ್ಟರು.

ವ್ಯಾಪಾರಿ ಮರದ ಕೆಳಗೆ ಹೋಗಿ ನಿಂತನು. ಕಾರು ಇಲ್ಲದ್ದರಿಂದ ಚರಂಡಿಯ ಕಲ್ಲು ಪೂರ್ತಿ ಕಾಣುತ್ತಿತ್ತು. ಕಲ್ಲಿನ ಅಂಚು ರಬ್ಬರು ಉಜ್ಜಿ ಉಜ್ಜಿ ಕಪ್ಪಾಗಿತ್ತು. ಅವನು ಬಗ್ಗಿ ಅದನ್ನು ಬೆರಳಿನಿಂದ ಮುಟ್ಟಿದನು. ಬೆರಳಿಗೂ ಮಸಿ ಹತ್ತಿತು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಚನ್ನಮಲ್ಲನು, "ಕತೆ ಚೆನ್ನಾಗಿದೆ ಗುರುಗಳೇ. ಆ ವ್ಯಾಪಾರಿ ಮೂಢ. ಆದರೆ ಮೇಷ್ಟರಿಗೆ ಆಸೆಯಿರಲಿಲ್ಲ. ರೇವಯ್ಯನಿಗೆ ಇದೆ. ಅವನ ಕಣ್ಣಿಗೆ ನಾನು ಏನು ಮಾಡಲಿ?" ಎಂದನು.

ಜಗಲಿಯ ತುದಿಯಲ್ಲಿ ರೇವಯ್ಯನು ಹೊಸೆದ ಬತ್ತಿಗಳನ್ನು ತಟ್ಟೆಯಲ್ಲಿ ಜೋಡಿಸುತ್ತಿದ್ದನು. ಅವನು ಆಗಲೂ ತಲೆ ಎತ್ತಲಿಲ್ಲ.

ಗುರುಗಳು ಹೇಳಿದರು: "ಚನ್ನಮಲ್ಲ, ನಾನು ನಿನ್ನ ಎದುರಿಗೇ ಕೂತು ಕತೆ ಹೇಳಿದೆ, ನಿನ್ನ ಮುಖ ಮಾತ್ರ ಆ ಕಾರಿನಂತೆ ಮೊದಲಿನಿಂದಲೂ ಎಡಕ್ಕೇ ಎಳೆಯುತ್ತಿತ್ತು."



ಇದರಲ್ಲಿ ತಪ್ಪುಗಳಿದ್ದರೆ ಓದಿದವರು ಕ್ಷಮಿಸಬೇಕೆಂದು ಕೇಳಿಕೊಳ್ಳುತ್ತೇನೆ.