ದೊರೆ ಕೇಳಿದ ಹೊಚ್ಚ ಹೊಸ ಓಡು

ಕೆಂಗಣ್ಣನಾಯಕನ ಪಾಳ್ಯ ಅಂಗೈಯಗಲ. ಅವನ ಪರಂಗಿ ಹುಚ್ಚು ಮಾತ್ರ ಆಕಾಶದಗಲ. ಉರಿಬಿಸಿಲಿನಲ್ಲೂ ಉಣ್ಣೆಯ ಕಾಲುಚೀಲ ತೊಟ್ಟು ಒಡ್ಡೋಲಗಕ್ಕೆ ಬರುತ್ತಿದ್ದ. ಕಾಲು ಬೆಂದರೂ ಸರಿಯೇ, ಗತ್ತಿಗೆ ಕುಂದು ಬರಬಾರದು.

ಒಮ್ಮೆ ಕನ್ನಡಿ ಮಾರಲು ಬಂದ ಬಿಳಿಯ ವ್ಯಾಪಾರಿಯನ್ನು ಹಿಡಿದು ಕೂರಿಸಿಕೊಂಡ. “ನಿಮ್ಮ ಇಂಗ್ಲಿಷಿನದೊಂದು ಪದ ಹೇಳಿ. ಯಾವುದೇ ಆಗಲಿ, ನನ್ನ ಪಾಳ್ಯದಲ್ಲಿ ಜಾರಿಗೆ ತಂದು ತೋರಿಸುತ್ತೇನೆ!”

ವ್ಯಾಪಾರಿ ತಲೆ ಕೆರೆದುಕೊಂಡ. “ಆಸ್ಟ್ರಸೈಜ್, ದೊರೆಗಳೇ. ಬೇಡವಾದವರನ್ನು ಹೊರಗಿಡುವುದು ಅಂತ ಅರ್ಥ. ಪದದ ಮೂಲ ಗ್ರೀಕರದು. ಅವರಲ್ಲಿ ಆಸ್ಟ್ರಕಾನ್ ಅಂದರೆ ಒಡೆದ ಮಡಕೆಯ ಚೂರು. ಊರಿಗೆ ಬೇಡವಾದವನ ಹೆಸರನ್ನು ಅದರ ಮೇಲೆ ಗೀಚಿ ಹಾಕುತ್ತಿದ್ದರು. ಯಾರ ಹೆಸರಿಗೆ ಹೆಚ್ಚು ಚೂರೋ, ಅವನು ಹತ್ತು ವರ್ಷ ಊರಾಚೆ.”

“ಮಡಕೆ ಚೂರು ಅಂದರೆ ನಮ್ಮ ಓಡು!” ದೊರೆ ತೊಡೆ ತಟ್ಟಿದ. “ಸೋಮವಾರವೇ ನಡೆಯಲಿ. ಆದರೆ ತಿಪ್ಪೆಯ ಹಳೇ ಓಡು ನನ್ನ ಮುಂದೆ ತರಕೂಡದು. ಹೊಚ್ಚ ಹೊಸ ಓಡೇ ಬೇಕು.”

ಹೊಸ ಓಡು ಬೇಕೆಂದರೆ ಚೆನ್ನಾಗಿರುವ ಮಡಕೆಯನ್ನೇ ಒಡೆಯಬೇಕು. ಆ ಘನಕಾರ್ಯ ವಹಿಸಿಕೊಂಡವನು ರಾಣಿಯ ತಮ್ಮ ಚಿಕ್ಕರಸ. ಆಸ್ಥಾನದ ವಿದೂಷಕ ಸೋವಣ್ಣನನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಆಳುಗಳನ್ನು ನುಗ್ಗಿಸಿ ಮನೆಮನೆಯ ಮಡಕೆ ಕುಡಿಕೆ ಒಡೆಸಿದ. ಅಕ್ಷರ ಬಾರದ ಜನಕ್ಕೆ ಉಪಕಾರ ಮಾಡುವವನಂತೆ ಒಂದೊಂದು ಚೂರಿನ ಮೇಲೂ ‘ಸೋವಣ್ಣ’ ಎಂದು ಇದ್ದಿಲಲ್ಲಿ ಬರೆಸಿ ಅವರವರ ಕೈಗೇ ಕೊಡಿಸಿದ.

ಸೋವಣ್ಣನ ಹೆಂಡತಿ ಗಿರಿಜವ್ವ ತುಂಬು ಬಸುರಿ. “ಹತ್ತು ವರ್ಷ ಬಿಟ್ಟು ಬಂದರೆ ನಿಮ್ಮ ಮಗುವೇ ನಿಮ್ಮನ್ನ ಯಾರು ಅಂತ ಕೇಳುತ್ತೆ ಕಣ್ರೀ!” ಎಂದು ಅತ್ತಳು.

ಸೋವಣ್ಣ ಅವಳ ಕಣ್ಣೊರೆಸಿದ. “ಅಳಬೇಡ ಕಣೇ. ಅನ್ನ ಬೇಯಿಸೋಕೆ ಊರಲ್ಲಿ ಒಂದು ಮಡಕೆ ಉಳಿದಿಲ್ಲ. ಅದೇ ನಮ್ಮ ಪುಣ್ಯ.”

ಸೋಮವಾರ ಅರಮನೆಯ ಅಂಗಳ ತುಂಬಿತು. ಕೈಯಲ್ಲಿ ಚೂರು, ಹೊಟ್ಟೆಯಲ್ಲಿ ಹಸಿವು. ಎಲ್ಲರ ಕಣ್ಣೂ ಚಿಕ್ಕರಸನ ಮೇಲೆ.

ಸೋವಣ್ಣ ಕೈ ಮುಗಿದ. “ಚಿಕ್ಕರಸರೇ, ಎಣಿಸುವ ಮುಂಚೆ ಎಲ್ಲರೂ ಅಪ್ಪಣೆಯಂತೆ ತಂದಿದ್ದಾರೋ ಇಲ್ಲವೋ, ತಾವೇ ಕೇಳಿಬಿಡಿ. ಆಮೇಲೆ ತಕರಾರು ಬೇಡ.”

ಚಿಕ್ಕರಸ ಮೀಸೆ ತಿರುವುತ್ತಾ ಜಗಲಿ ಹತ್ತಿದ. “ಏನ್ರೋ, ಕೈಯಲ್ಲೇನಿದೆ? ದೊರೆಗೆ ಕೇಳೋ ಹಾಗೆ ಹೇಳಿ!”

“ಓಡು!”

“ಇನ್ನೂ ಜೋರಾಗಿ!”

“ಓಡು! ಓಡು!” ಜನಕ್ಕೆ ಈಗ ಮಾತಿನ ರುಚಿ ಹತ್ತಿತು. ಒಬ್ಬ ಮುದುಕಿಯಂತೂ ಗಡಿಯ ದಾರಿಯತ್ತ ಕೈ ತೋರಿಸಿಯೇ ಕೂಗಿದಳು, “ಓಡು!”

“ಕೇಳಿಸಿತೇ ಮಹಾಪ್ರಭು?” ಎಂದ ಸೋವಣ್ಣ. “ಊರಿಗೆ ಊರೇ ಚಿಕ್ಕರಸರ ಮುಖ ನೋಡಿ ಓಡು ಅಂತಿದೆ.”

“ಮೋಸ! ಚೂರಿನ ಮೇಲಿರೋದು ಇವನ ಹೆಸರು!” ಚಿಕ್ಕರಸ ಬೊಬ್ಬೆ ಹೊಡೆದ.

“ಬರೆದದ್ದು ತಮ್ಮ ಆಳುಗಳು. ಕೂಗಿದ್ದು ಊರು. ಈ ಪದ್ಧತಿಯಲ್ಲಿ ನಡೆಯೋದು ಯಾರ ಮಾತು?”

“ಊರಿನದೇ,” ಎಂದ ದೊರೆಯ ಪಕ್ಕದಲ್ಲೇ ಕೂತಿದ್ದ ವ್ಯಾಪಾರಿ.

ದೊರೆ ಹುಬ್ಬು ಗಂಟಿಕ್ಕಿದ. “ಅದು ಸರಿಯಯ್ಯ. ಆದರೆ ನನ್ನ ಮೈದುನನಿಗೆ ಏಕವಚನವೇ? ಓಡಿ ಅನ್ನಬಾರದಿತ್ತೇ?”

“ಹಸಿದ ಹೊಟ್ಟೆಗೆ ಬಹುವಚನ ಬರೋದಿಲ್ಲ, ಮಹಾಪ್ರಭು.”

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಹೊಟ್ಟೆಯೂ ಖಾಲಿಯೇ ಇತ್ತು. ಚಿಕ್ಕರಸನನ್ನು ಅಲ್ಲಿಂದಲೇ ಗಡೀಪಾರು ಮಾಡಿ, ಸೋವಣ್ಣನಿಗೆ ಶಾಲು ಹೊದಿಸಿ, ಹುಟ್ಟುವ ಮಗುವಿಗೆ ಬೀಟೆಯ ತೊಟ್ಟಿಲು ಕೊಡಿಸಿದ. ಆಮೇಲೆ ಅವನ ಮುಖ ಬಾಡಿತು.

“ತಮ್ಮನೆಲ್ಲಿ ಅಂತ ರಾಣಿ ಕೇಳಿದರೆ ಏನು ಹೇಳಲಯ್ಯ?”

“ಅರಮನೆಯ ಉಪ್ಪಿನಕಾಯಿ ಗಡಿಗೆಯನ್ನೂ ಚಿಕ್ಕರಸರ ಆಳುಗಳು ಬಿಟ್ಟಿಲ್ಲ. ಅದರದೊಂದು ಚೂರು ರಾಣಿಯವರ ಮುಂದೆ ಹಿಡಿದು, ಇದೇನು ಅಂತ ಕೇಳಿ. ಉತ್ತರ ಅವರೇ ಹೇಳುತ್ತಾರೆ.”

ಖುಷಿಯಿಂದ ಅಂತಃಪುರದತ್ತ ಹೊರಟ ದೊರೆ ಬಾಗಿಲಲ್ಲಿ ಗಕ್ಕನೆ ನಿಂತ.

“ಲೋ ಸೋವಣ್ಣ, ಆಗ ಎದುರಿಗೆ ನಿಂತಿರೋನು ನಾನಲ್ಲವೇನೋ!”