ದೊರೆಯ ದಿಂಬು, ಮಲ್ಲಿಗೆಯ ಜೀನು

ಯೋಚಿಸದೆ ಆಡಿಬಿಡುವುದು ನನ್ನ ಹಳೆಯ ರೋಗ. ಆ ರೋಗದಿಂದಲೇ ಹಿರೇಕೊಂಡದ ದೊರೆ ಬಸವಂತ ನಾಯಕರ ಆಸ್ಥಾನದಲ್ಲಿ ವಿದೂಷಕನಾಗಿ ನನಗೆ ಅನ್ನ. ಒಂದು ಸಲ ಅದರಿಂದಲೇ ನನ್ನ ಬೆನ್ನು ಮುರಿಯುವುದರಲ್ಲಿತ್ತು.

ದೊರೆಗಳ ಬಿಳಿ ಕುದುರೆ ಮಲ್ಲಿಗೆ ಹಸುವಿನಷ್ಟು ಸಾಧು. ಅಂಥದ್ದು ಇದ್ದಕ್ಕಿದ್ದಂತೆ ಅವರನ್ನು ಬೀಳಿಸತೊಡಗಿತು. ಸೊಕ್ಕು ಬಂದಿದೆ ಎಂದು ದೊರೆಗಳು ಚಾಟಿಯೇಟು ಕೊಡಿಸಿದರು, ಮೇವು ಕಡಿಮೆ ಮಾಡಿಸಿದರು. ಅದು ಇನ್ನಷ್ಟು ಜೋರಾಗಿ ಬೀಳಿಸಿತು.

ಸಭೆಯಲ್ಲಿ ಎಲ್ಲರೂ ತಲೆ ತಗ್ಗಿಸಿ ಕೂತಿದ್ದಾಗ ನಾನು ಎದ್ದೆ. "ಮಾತಿನಲ್ಲೇ ಮಂತ್ರಿಗಳನ್ನು ಬಗ್ಗಿಸಿದವನು ನಾನು. ಕುದುರೆ ಯಾವ ಲೆಕ್ಕ?"

"ಆಗಲಿ ಸಿಂಗರಯ್ಯ," ಅಂದರು ದೊರೆಗಳು. "ವಿಜಯದಶಮಿಗೆ ಬನ್ನಿ ಮರದವರೆಗೆ ಮಲ್ಲಿಗೆ ನನ್ನನ್ನು ಹೊರಬೇಕು. ಇಲ್ಲದಿದ್ದರೆ ನೀನು ಹೊರುತ್ತೀ."

ದೊರೆಗಳು ಕೂತರೆ ಮಂಚ ಕಿರುಗುಟ್ಟುತ್ತದೆ. ನಾನೋ, ಒಂದು ಕೊಡ ನೀರಿಗೇ ಸೊಂಟ ಹಿಡಿದುಕೊಳ್ಳುವ ಆಸಾಮಿ.

ಲಾಯಕ್ಕೆ ಹೋಗಿ ಮಲ್ಲಿಗೆಗೆ ರಾಜಭಕ್ತಿಯ ಉಪದೇಶ ಮಾಡಿದೆ. ಅದು ಕಣ್ಣು ಮುಚ್ಚಿ ಕೇಳಿತು. ಗೆದ್ದೆ ಅಂದುಕೊಂಡು ಜೀನು ಎತ್ತಿ ತಂದೆ. ಮುಂದೆ ನಾನು ಕಣ್ಣು ಬಿಟ್ಟದ್ದು ಲದ್ದಿಯ ರಾಶಿಯಲ್ಲಿ.

ಆ ಅವತಾರದಲ್ಲಿ ಮನೆಗೆ ಹೋಗಲು ನಾಚಿಕೆ. ಅಲ್ಲೇ ಹುಲ್ಲಿನ ಮೇಲೆ, ಜೀನನ್ನು ಬೋರಲು ಹಾಕಿ ತಲೆದಿಂಬು ಮಾಡಿಕೊಂಡು ಮಲಗಿದೆ. ತಲೆಯ ಭಾರ ಬಿದ್ದೊಡನೆ ಕೆನ್ನೆಗೆ ಚುರುಕ್ಕೆಂದು ಏನೋ ಚುಚ್ಚಿತು. ಒತ್ತಿ ನೋಡಿದರೆ, ಮೇಲೆ ಅಂದಕ್ಕೆಂದು ಹೊಡೆದ ಬಂಗಾರದ ಮೊಳೆಗಳ ಮೊನೆ ಕೆಳಗಿನ ಮೆತ್ತೆಯವರೆಗೂ ಬಂದಿತ್ತು. ನನ್ನ ತಲೆಗೆ ಹೊಳೆಯದ್ದು ಕೆನ್ನೆಗೆ ತಿಳಿಯಿತು. ಕುದುರೆಗೆ ಇದ್ದದ್ದು ಸೊಕ್ಕಲ್ಲ, ನೋವು.

ಆದರೆ ಹೇಳುವುದು ಹೇಗೆ? ಆ ಜೀನು ಈಚೆಗಷ್ಟೇ ದೊರೆಗಳೇ ಮುಂದೆ ನಿಂತು ಮಾಡಿಸಿದ್ದು. ಅದರಲ್ಲಿ ಕೊಂಕು ತೆಗೆಯುವ ಧೈರ್ಯ ಆಸ್ಥಾನದಲ್ಲಿ ಯಾರಿಗೂ ಇರಲಿಲ್ಲ, ನನಗಂತೂ ಮೊದಲೇ ಇಲ್ಲ. ಅದಕ್ಕೇ ಒಂದು ಮೊಳೆ ಕಿತ್ತು, ಮರುದಿನ ದೊರೆಗಳು ಬರುವ ಮೊದಲೇ ಅವರ ಗದ್ದುಗೆಯ ದಿಂಬಿನೊಳಗೆ ಸೇರಿಸಿಟ್ಟೆ.

ಸಭೆ ಶುರುವಾಯಿತು. ದೊರೆಗಳು ಆ ಕಡೆ ವಾಲಿದರು, ಈ ಕಡೆ ವಾಲಿದರು. ಮಂತ್ರಿಗಳನ್ನು ಗದರಿದರು, ಹಾಡುವವನನ್ನು ಹೊರಗಟ್ಟಿದರು, ಕೊನೆಗೆ ವೀಳ್ಯದ ತಟ್ಟೆಯನ್ನೇ ಒದ್ದರು.

ನಾನು ಕೈಮುಗಿದೆ. "ಪ್ರಭುಗಳಿಗೆ ಸೊಕ್ಕು ಬಂದಂತಿದೆ. ಚಾಟಿ ತರಿಸಲೇ? ಊಟ ಕಡಿಮೆ ಮಾಡಿಸಲೇ?"

"ಅಧಿಕಪ್ರಸಂಗಿ, ಕೆಳಗೆ ಏನು ಚುಚ್ಚುತ್ತಿದೆ ಅಂತ ಮೊದಲು ನೋಡು."

"ಮಲ್ಲಿಗೆಯೂ ಇಷ್ಟೇ ಹೇಳಿದ್ದು, ಪ್ರಭು. ಬಾಯಿಲ್ಲದ ಪ್ರಾಣಿ, ಕಾಲಲ್ಲಿ ಹೇಳಿತು."

ಮೊಳೆ ಹೊರಬಂತು. ಅದರ ಗುರುತು ಹತ್ತಿದೊಡನೆ ದೊರೆಗಳ ಮುಖ ಸಣ್ಣದಾಯಿತು. ಅವತ್ತೇ ಬಂಗಾರದ ಜೀನು ಮೂಲೆ ಸೇರಿತು. ಮಲ್ಲಿಗೆಯ ಬೆನ್ನಿನ ಕೂದಲಡಿಯ ಗಾಯಗಳಿಗೆ ಬೇವಿನೆಣ್ಣೆ ಬಿತ್ತು, ಮೆತ್ತನೆಯ ಹೊಸ ಜೀನು ಬಂತು.

ಅಂತೂ ಬದುಕಿಕೊಂಡೆ ಎಂದು ನಾನು ಮೀಸೆ ತಿರುವಿದೆ. ಆದರೆ ಗಾಯ ಮಾಯ್ದ ಮೇಲೂ ಜೀನು ಕಂಡರೆ ಮಲ್ಲಿಗೆ ನಡುಗಿ ಹಿಂದೆ ಸರಿಯಿತು. ನನ್ನನ್ನು ಇನ್ನೊಮ್ಮೆ ಲದ್ದಿಗೆ ಕಳಿಸಿತು. ಅದನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು, ಸ್ವಲ್ಪ ಅದಕ್ಕಾಗಿ, ಉಳಿದದ್ದು ನನ್ನ ಬೆನ್ನಿಗಾಗಿ.

ಆಮೇಲೆ ಉಪದೇಶ ಬಿಟ್ಟೆ. ಜೀನನ್ನು ದೂರದಲ್ಲಿಟ್ಟು ಬೆಲ್ಲ ತಿನ್ನಿಸಿದೆ. ದಿನಾ ಒಂದಿಷ್ಟು ಹತ್ತಿರ ತಂದೆ. ಬೆನ್ನಿಗೆ ಬರಿ ಬಟ್ಟೆ ಹಾಸಿ ತೆಗೆದೆ. ಅದು ಬೇಡವೆಂದಾಗ ನಿಲ್ಲಿಸಿದೆ. ಜೀವಮಾನದಲ್ಲಿ ನಾನು ಅಷ್ಟು ಸುಮ್ಮನಿದ್ದದ್ದು ಅದೇ ಮೊದಲು. ಜ್ವರವೇನೋ ಎಂದು ನನ್ನಾಕೆ ಹಣೆ ಮುಟ್ಟಿ ನೋಡಿದಳು.

ಆಯುಧಪೂಜೆ ಬಂದೇಬಿಟ್ಟಿತು. ಮಲ್ಲಿಗೆ ಜೀನು ಹಾಕಿಸಿಕೊಳ್ಳುತ್ತಿತ್ತು, ಹತ್ತಗೊಡುತ್ತಿರಲಿಲ್ಲ. ದೊರೆಗಳು ಸಭೆಗೆ ಬಂದು ಗದ್ದುಗೆಯಲ್ಲಿ ಕೂತರು.

"ಮೊಳೆ ಹೋಯಿತು, ಗಾಯ ಮಾಯ್ದಿತು. ಇನ್ನೂ ಏನು ಹೆದರಿಕೆ ಅದಕ್ಕೆ? ನಾಳೆಗೆ ನಿನ್ನ ಬೆನ್ನೇ ಸೈ, ಸಿಂಗರಯ್ಯ."

"ಹೊರುತ್ತೇನೆ, ಪ್ರಭು. ಒಂದೇ ಸಂಶಯ. ತಮ್ಮ ದಿಂಬಿನ ಮೊಳೆಯೂ ಅವತ್ತೇ ಹೋಯಿತು. ಈಗ ಕೂರುವ ಮೊದಲು ಅಂಗೈಯಿಂದ ದಿಂಬು ಸವರಿ ನೋಡಿದಿರಲ್ಲ, ಯಾಕೆ?"

ದೊರೆಗಳು ತಮ್ಮ ಅಂಗೈಯನ್ನೇ ನೋಡಿಕೊಂಡರು. ಆಮೇಲೆ ಗದ್ದುಗೆ ಅಲುಗಾಡುವಂತೆ ನಕ್ಕರು.

ಮರುದಿನ ಅವರು ಲಗಾಮು ಹಿಡಿದುಕೊಂಡು ಬನ್ನಿ ಮರದವರೆಗೆ ನಡೆದೇ ಹೋದರು. ಪಕ್ಕದಲ್ಲಿ ಬರಿ ಜೀನು ಹೊತ್ತು ಮಲ್ಲಿಗೆ ನಡೆಯಿತು. ಸಂಕ್ರಾಂತಿಯ ಹೊತ್ತಿಗೆ ಅದು ತಾನಾಗಿಯೇ ಅವರನ್ನು ಹತ್ತಿಸಿಕೊಂಡಿತು.

ನನಗೆ ಬಹುಮಾನವಾಗಿ ದೊರೆಗಳು ಒಂದು ರೇಷ್ಮೆಯ ದಿಂಬು ಕೊಟ್ಟರು. ಸುಖವಾಗಿ ಕೂರು ಎಂದು ಹೇಳುವಾಗ ಯಾಕೋ ತುಂಬ ನಗುತ್ತಿದ್ದರು. ಅದನ್ನು ಪಡಸಾಲೆಯಲ್ಲಿಟ್ಟಿದ್ದೇನೆ. ನಾನು ಅದರ ಪಕ್ಕ, ನೆಲದ ಮೇಲೇ ಕೂರುತ್ತೇನೆ.