ಒಂದಕ್ಕೆ ಹನ್ನೊಂದು

ಇಟಲಿಯ ಗುಡ್ಡದ ಮೇಲಿನ ಒಂದು ಪುಟ್ಟ ಊರಿನ ಫುಟ್‌ಬಾಲ್ ಕ್ಲಬ್ಬಿನಲ್ಲಿ ನೆಲ್ಲಾ ಎಂಬಾಕೆ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದಳು, ಆಟಗಾರರ ಅಂಗಿಗಳನ್ನೂ ಒಗೆಯುತ್ತಿದ್ದಳು. ಒಂದು ಭಾನುವಾರ ದೊಡ್ಡ ನಗರದ ತಂಡ ಅಲ್ಲಿಗೆ ಆಡಲು ಬಂತು. ಆ ತಂಡದ ಮಾಲೀಕ ಒತ್ತಾವಿಯೋ ಒಂದು ಕಾಗದ ಹಿಡಿದು ಬಂದ.

"ನಿಮಗೆ ಒಬ್ಬ ಅಭಿಮಾನಿ ಇದ್ದರೆ ನಮಗೆ ಹನ್ನೊಂದು ಜನ. ಟಿವಿಯವರು ದುಡ್ಡು ಕೊಡುವುದು ಅವರ ಮುಖ ನೋಡಿ. ಇನ್ನು ಮೇಲೆ ಆ ದುಡ್ಡಿನಲ್ಲಿ ಹನ್ನೊಂದು ಪಾಲು ನಮಗೆ, ಒಂದು ನಿಮಗೆ. ಸಹಿ ಹಾಕಿ. ಇಲ್ಲದಿದ್ದರೆ ನಮ್ಮ ತಂಡ ಮತ್ತೆ ಈ ಗುಡ್ಡ ಹತ್ತುವುದಿಲ್ಲ," ಎಂದ.

ಊರಿನ ಕ್ಲಬ್ಬಿನ ಅಧ್ಯಕ್ಷರು ಬೆವರೊರೆಸಿಕೊಂಡು ಪೆನ್ನು ಹುಡುಕತೊಡಗಿದರು. ಆ ಒಂದು ಪಾಲಿನಲ್ಲಿ ಕ್ಲಬ್ಬು ಚಳಿಗಾಲವನ್ನೂ ದಾಟುವುದಿಲ್ಲ ಎಂದು ನೆಲ್ಲಾಳಿಗೆ ಗೊತ್ತಿತ್ತು.

"ನ್ಯಾಯವಾದ ಮಾತು," ಎಂದಳು. ಒಳಗೆ ಹೋಗಿ ಹತ್ತು ಅಂಗಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಗೋಲ್‌ಕೀಪರನ ಅಂಗಿಯನ್ನು ಮಾತ್ರ ತಂದು ಮೇಜಿನ ಮೇಲೆ ಹರಡಿದಳು.

"ಇದೇನಮ್ಮ?" ಎಂದ ಒತ್ತಾವಿಯೋ.

"ನಮ್ಮ ತಂಡ ಸ್ವಾಮಿ. ನಿಮ್ಮ ಕಡೆ ಹನ್ನೊಂದು, ನಮ್ಮ ಕಡೆ ಒಂದು. ನಿಮ್ಮದೇ ಲೆಕ್ಕ."

ಹೊರಗೆ ಟಿವಿ ಕ್ಯಾಮೆರಾಗಳು ಸಿದ್ಧವಾಗಿದ್ದವು. ತನ್ನ ಲಕ್ಷಾಂತರ ಅಭಿಮಾನಿಗಳು ತೊಂಬತ್ತು ನಿಮಿಷ ಈ ಆಟ ನೋಡುವುದನ್ನು ನೆನೆದು ಒತ್ತಾವಿಯೋನ ಮುಖ ಕಪ್ಪಿಟ್ಟಿತು.

"ತಮಾಷೆ ಸಾಕು. ನಮ್ಮ ಕೈಲಿ ಸೋಲುವುದಕ್ಕಾದರೂ ಹನ್ನೊಂದು ಜನ ಬೇಡವೇ?" ಎಂದು ಗದರಿದ.

"ಬೇಕು ಸ್ವಾಮಿ. ಆ ಹನ್ನೊಂದು ಜನಕ್ಕೂ ಹಸಿವಾಗುತ್ತದೆ."

ಒತ್ತಾವಿಯೋ ಕಾಗದ ಮಡಿಸಿ ಜೇಬಿಗಿಳಿಸಲು ಹೋದ. ನೆಲ್ಲಾ ಹರಿದ ಟಿಕೆಟ್‌ಗಳ ಬುಟ್ಟಿಯನ್ನು ಮುಂದೆ ಹಿಡಿದಳು. "ಇದರಲ್ಲಿ ಹರಿದು ಹಾಕಿ. ಬೀಗದ ಕೈ ಆಮೇಲೆ ಕೊಡುತ್ತೇನೆ."

ಅವನು ಹರಿದ. ಅವಳು ಬೀರು ತೆಗೆದಳು.

ಅವತ್ತು ಆ ಊರಿನವರು ನಾಲ್ಕು ಗೋಲಿನಿಂದ ಸೋತರು. ಹನ್ನೊಂದೂ ಜನ ಹೊಟ್ಟೆ ತುಂಬ ಉಂಡರು.